ಎಲ್ಲಮ್ಮನ ಗುಡ್ಡದಿಂದ ತೊರಗಲ್ಲ ಕೋಟೆಗೆ

ಸವದತ್ತಿ ಎಲ್ಲಮ್ಮನ ದರ್ಶನ ಮುಗಿಸಿದವರು ಸಾಮಾನ್ಯವಾಗಿ ಗಾಡಿಯನ್ನು ನೇರ ಬಾದಾಮಿಗೆ ತಿರುಗಿಸುತ್ತಾರೆ. ರಾಮದುರ್ಗ ಮುಟ್ಟುವ ಮೊದಲೇ ಮಲಪ್ರಭೆಯ ಸೀಮೆಯಲ್ಲಿ ತೊರಗಲ್ಲ ಎಂಬ ಹಳ್ಳಿ ಇದೆ. ಅಲ್ಲಿ ಇಳಿಯುವವರು ಕಡಿಮೆ. ಅರ್ಧ ದಿನ ಕೈಯಲ್ಲಿದ್ದರೆ ಇಳಿಯಬೇಕಾದ ಊರು ಅದು.

ಬ್ರಿಟಿಷರ ಕಾಲದಲ್ಲಿ ಇದು ಗಡಿಯೂರು. ಸವದತ್ತಿ ಬೆಳಗಾವಿ ಜಿಲ್ಲೆಯ ಪರಸಗಡ ತಾಲ್ಲೂಕಿಗೆ ಸೇರಿತ್ತು, ಅಂದರೆ ನೇರ ಕಂಪನಿ ಸರಕಾರ, ಆಮೇಲೆ ರಾಣಿ ಸರಕಾರ. ಅತ್ತ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರೂ ಇದೇ ಮನೆತನದವರು. ನಡುವಿನ ತೊರಗಲ್ಲ ಮಾತ್ರ ದೂರದ ಕೊಲ್ಹಾಪುರದ ಮಾಂಡಲಿಕರಾದ ಶಿಂಧೆಯವರ ಜಹಗೀರು. ‘ಸೇನಾಖಾಸಖೇಲ’ ಅವರ ಬಿರುದು. ಎತ್ತಿನ ಬಂಡಿ ಒಂದು ದಿನ ಸಾಗುವಷ್ಟರಲ್ಲಿ ಮೂರು ಆಡಳಿತ! ರಾಮದುರ್ಗ 1948ರಲ್ಲಿ, ಕೊಲ್ಹಾಪುರ 1949ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ಕ್ಕೆ ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಈಗ ತೊರಗಲ್ಲ ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿ.

ಕೋಟೆ ನೋಡಲು ಹೋಗುವವರು ಊರನ್ನೂ ನೋಡಬೇಕಾಗುತ್ತದೆ, ಏಕೆಂದರೆ ಜನವಸತಿ ಇರುವುದೇ ಕೋಟೆಯೊಳಗೆ. ಕ್ಯಾಮೆರಾ ತೆಗೆಯುವ ಮೊದಲು ಕಟ್ಟೆಯ ಮೇಲೆ ಕೂತವರನ್ನು ಮಾತನಾಡಿಸಿ, ಅಂಗಳ ಅವರದು. ಮುಖ್ಯವಾಗಿ ನೋಡಬೇಕಾದದ್ದು ಭೂತನಾಥ ಗುಡಿಗಳ ಗುಂಪು. ಪಟ್ಟದಕಲ್ಲಿನಂಥ ಹುಲ್ಲುಹಾಸು, ಸಾಲು ಇಲ್ಲಿ ನಿರೀಕ್ಷಿಸಬೇಡಿ. ಇದ್ದದ್ದು ಇದ್ದ ಹಾಗೆ ಇರುವುದೇ ಇಲ್ಲಿಯ ರುಚಿ. ಟಾರ್ಚ್ ಇರಲಿ, ಗರ್ಭಗುಡಿಯ ಕಡೆ ಹಗಲಲ್ಲೂ ಕತ್ತಲು.

ದಿನ ಆರಿಸುವಾಗ ಪಂಚಾಂಗ ನೋಡಿ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿ ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರ್. ಮಂಗಳವಾರ, ಶುಕ್ರವಾರಗಳೂ ಗದ್ದಲದವೇ. ಆದರೆ ಆ ಗದ್ದಲವನ್ನೇ ನೋಡಬೇಕೆನ್ನುವವರು ಬೇಕೆಂದೇ ಆಗ ಬರಲಿ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಬಳಿದುಕೊಂಡು, ‘ಉಧೋ ಉಧೋ’ ಎನ್ನುತ್ತ ಮಂದಿ ಗುಡ್ಡ ಏರುತ್ತಾರೆ. ಮೂರು ಕಲ್ಲಿನ ಒಲೆ ಹೂಡಿ ಅಲ್ಲೇ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಮಾಡಿ ಪಡಲಗಿ ತುಂಬಿಸುತ್ತಾರೆ. ಪಕ್ಕದಲ್ಲಿ ನಿಂತವರಿಗೂ ಒಂದು ತುತ್ತು ಸಿಗುತ್ತದೆ, ಬೇಡ ಎನ್ನಬಾರದು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಮುನವಳ್ಳಿ, ರಾಮದುರ್ಗದ ಕಡೆ ತಗ್ಗಿನ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗದ ಬಡಾವಣೆಗಳಿಗೇ ಹೊಳೆ ನುಗ್ಗಿತ್ತು. ನವೆಂಬರ್‌ನಿಂದ ಫೆಬ್ರುವರಿವರೆಗೆ ಬರುವುದು ಹಿತ. ಆಗ ಜೋಳದ ಹೊಲಗಳೂ ಹಸಿರಾಗಿರುತ್ತವೆ. ಏಪ್ರಿಲ್, ಮೇ ಬಿಸಿಲನ್ನು ಈ ಸೀಮೆಯವರೇ ತಡೆಯರು.

ಬೆಳಗಾವಿ ಕಡೆಯಿಂದ ಬರುವವರು ಹೆದ್ದಾರಿ ಪಕ್ಕದ ಕಿತ್ತೂರಿನಿಂದ ಆರಂಭಿಸಲಿ. 1824ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಜಾಗ ಅದು. ಹಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಮರೆಯದೆ ಹುಡುಕಿ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ಅಲ್ಲಿಂದ ಸೊಗಲದ ಜಲಪಾತ, ಸೋಮೇಶ್ವರ ಗುಡಿ, ಬಳಿಕ ಮುನವಳ್ಳಿಯ ಪಂಚಲಿಂಗೇಶ್ವರ, ಆಮೇಲೆ ತೊರಗಲ್ಲ. ಒಂದೇ ದಿನಕ್ಕೆ ಇಷ್ಟನ್ನೂ ತುರುಕಿದರೆ ಬರೀ ರಸ್ತೆ ನೋಡಿದಂತಾಗುತ್ತದೆ, ಒಂದು ರಾತ್ರಿ ಸವದತ್ತಿಯಲ್ಲಿ ಉಳಿಯಿರಿ.

ರಾಮದುರ್ಗಕ್ಕೆ ರೈಲಿಲ್ಲ. ಧಾರವಾಡ ಇಲ್ಲವೇ ಬಾದಾಮಿಯಲ್ಲಿ ಇಳಿದು ಬಸ್ ಹಿಡಿಯಬೇಕು. ತೊರಗಲ್ಲದಿಂದ ವಾಪಸ್ ಬರುವ ಬಸ್ಸಿನ ವೇಳೆಯನ್ನು ರಾಮದುರ್ಗದ ನಿಲ್ದಾಣದಲ್ಲೇ ಕೇಳಿಕೊಳ್ಳಿ. ಊಟಕ್ಕೂ ರಾಮದುರ್ಗವೇ ಅನುಕೂಲ: ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಮಯ ಉಳಿದರೆ ಸುರೇಬಾನದ ಶಬರಿಕೊಳ್ಳ ಅಥವಾ ಗೊಡಚಿಯ ವೀರಭದ್ರ. ಎರಡರಲ್ಲಿ ಒಂದು ಸಾಕು.