ಆಪರೇಶನ್ ತಾರೀಕಿನ ಜೊತೆಗೆ ಊಟದ ಚೀಟಿಯೂ

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಜಠರದ ಕ್ಯಾನ್ಸರ್ ಎಂದು ಮಣಿಪಾಲದಲ್ಲಿ ಗೊತ್ತಾಗಿದೆ, ಮೂರು ವಾರ ಬಿಟ್ಟು ಆಪರೇಶನ್. ಆರು ತಿಂಗಳ ಹಿಂದೆ 60 ಕಿಲೋ ಇದ್ದವರು ಈಗ 52. ಸರ್ಜನ್ ‘ಮೊದಲು ಡಯಟೀಷಿಯನ್ ಹತ್ತಿರ ಹೋಗಿ ಬನ್ನಿ’ ಎಂದಿದ್ದಾರೆ. ಗಡ್ಡೆ ತೆಗೆಯುವುದು ಬಿಟ್ಟು ಊಟದ ಮಾತು ಯಾಕೆ ಡಾಕ್ಟ್ರೇ? ಮೂರು ಹೊತ್ತು ಗಂಜಿ, ನಡುನಡುವೆ ಬೊಂಡದ ನೀರು ಕೊಡುತ್ತಲೇ ಇದ್ದೇವೆ.
– ಹೆಸರು ಬೇಡ, ಇನ್ನಂಜೆ

ಉತ್ತರ: ಸರ್ಜನ್ ಹೇಳಿದ್ದು ಸರಿ. ನಾಳೆಯೇ ಹೋಗಿ.

60ರಲ್ಲಿ 8 ಕಿಲೋ ಎಂದರೆ ಶೇ. 13. ಆರು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ತೂಕ ಇಳಿದರೆ ನಾವು ಎಚ್ಚರವಾಗುತ್ತೇವೆ. ಕರಗಿದ್ದು ಬರೀ ಕೊಬ್ಬಲ್ಲ, ಮಾಂಸಖಂಡವೂ ಹೌದು. ಆಪರೇಶನ್ ಆದ ಮೇಲೆ ಕೆಮ್ಮಿ ಕಫ ಹೊರಹಾಕುವುದಕ್ಕೆ, ಎದ್ದು ನಾಲ್ಕು ಹೆಜ್ಜೆ ಇಡುವುದಕ್ಕೆ, ಒಳಗಿನ ಹೊಲಿಗೆ ಕೂಡಿಕೊಳ್ಳುವುದಕ್ಕೆ ಅದೇ ಬೇಕು. ಇದು ಇತ್ತೀಚಿನ ಶೋಧವೇನೂ ಅಲ್ಲ. ಹೊಟ್ಟೆಹುಣ್ಣಿಗೆ ಆಪರೇಶನ್ ಆದವರ ಲೆಕ್ಕ ನೋಡಿದ ಸ್ಟಡ್ಲಿ ಎಂಬ ಅಮೆರಿಕದ ಸರ್ಜನ್ 1936ರಲ್ಲೇ ಬರೆದಿದ್ದರು: ಶೇ. 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂವರಿಗೆ ಒಬ್ಬರು ಉಳಿಯಲಿಲ್ಲ, ಅದಕ್ಕಿಂತ ಕಡಿಮೆ ಕಳೆದುಕೊಂಡವರ ಪೈಕಿ ಸತ್ತವರು ನೂರಕ್ಕೆ ನಾಲ್ವರೂ ಇಲ್ಲ. ಹೀಗಿದ್ದೂ ಊಟದ ವಿಚಾರ ಇವತ್ತಿಗೂ ಮನೆಯವರ ತಲೆಗೇ ಬಿಟ್ಟ ಸಂಗತಿಯಾಗಿ ಉಳಿದಿರುವುದು ನಮ್ಮ ವೃತ್ತಿಗೆ ಶೋಭೆಯಲ್ಲ.

ಗಂಜಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಲೆಕ್ಕ ಹಾಕೋಣ. ನಿಮ್ಮ ತಂದೆಗೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 62ರಿಂದ 78 ಗ್ರಾಂ ಪ್ರೋಟೀನ್ ಬೇಕು. ಮೂರು ಬಟ್ಟಲು ಕುಚ್ಚಲಕ್ಕಿ ಗಂಜಿಯಿಂದ ಸಿಗುವುದು ಹತ್ತು-ಹನ್ನೆರಡು ಗ್ರಾಂ. ಬೊಂಡದಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಅದೇ ಗಂಜಿಗೆ ಎರಡು ಮೊಟ್ಟೆ (12 ಗ್ರಾಂ), ಅರ್ಧ ಲೀಟರ್ ಹಾಲು ಅಥವಾ ಮೊಸರು (16), 50 ಗ್ರಾಂ ಹೆಸರುಬೇಳೆಯ ತೊವ್ವೆ (12), ಮುಳ್ಳು ತೆಗೆದ 100 ಗ್ರಾಂ ಮೀನು (20) ಸೇರಿಸಿ, 70ರ ಹತ್ತಿರ ಬಂದಿರಿ. ಮೀನು-ಮೊಟ್ಟೆ ಮುಟ್ಟದ ಮನೆಯಾದರೆ ಪನೀರ್, ನೆಲಗಡಲೆ ಪುಡಿ, ಗಂಜಿಗೇ ಕಲಸುವ ಹಾಲಿನ ಪುಡಿ. ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪಸ್ವಲ್ಪ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬದಲಾಗುತ್ತದೆ. ಹತ್ತಾರು ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ತುಂಬಿಸುವುದೂ ಅಪಾಯ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುತ್ತವೆ. ಡಯಟೀಷಿಯನ್ ಬೇಕಾಗುವುದು ಇದಕ್ಕೇ. ಬಾಯಿಂದ ಸಾಲದಿದ್ದರೆ ಮೂಗಿನ ನಳಿಗೆ. ಬಹಳ ಸೊರಗಿದವರಿಗೆ 7ರಿಂದ 14 ದಿನ ಪೋಷಣೆ ಕೊಟ್ಟು, ಅದಕ್ಕಾಗಿ ಆಪರೇಶನ್ ತುಸು ಮುಂದೂಡುವುದೂ ಉಂಟು. ತಾರೀಕು ಸರಿದರೆ ಗಾಬರಿಯಾಗಬೇಡಿ.

ಇನ್ನೊಂದು ಮಾತು. ಸರ್ಜನ್, ಅರಿವಳಿಕೆ ವೈದ್ಯರು, ಡಯಟೀಷಿಯನ್, ವಾರ್ಡಿನ ಸಿಸ್ಟರ್, ಮನೆಯಲ್ಲಿ ಅಡುಗೆ ಮಾಡುವವರು – ಐದು ಜನ ಐದು ಮಾತು ಹೇಳಿದರೆ ರೋಗಿ ಉಪವಾಸವೇ. ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ, ದಿನವೂ ತಿಂದದ್ದು ಬರೆಯಿರಿ. ಯಾರ ಕೋಣೆಗೆ ಹೋದರೂ ಅದನ್ನೇ ತೋರಿಸಿ, ಹೇಳಿದ್ದನ್ನು ಅದರಲ್ಲೇ ಬರೆಸಿ.

ಪ್ರಶ್ನೆ: ನನ್ನ ಗಂಡನಿಗೆ ಬಾಯಿಯ ಕ್ಯಾನ್ಸರ್ ಆಪರೇಶನ್ ಆಗಿದೆ. ಬಂಗುಡೆ, ಮೊಟ್ಟೆ, ಗುಳ್ಳ ಬದನೆ ಎಲ್ಲ ನಂಜು, ಗಾಯ ಕೀವಾಗುತ್ತದೆ ಎಂದು ಅತ್ತೆ ಬಿಡುತ್ತಿಲ್ಲ.
– ಕಾಪು

ಉತ್ತರ: ಗಾಯ ಕೀವಾಗುವುದು ರೋಗಾಣುಗಳಿಂದ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಿಡದ ಹೊಗೆಸೊಪ್ಪು ಅದಕ್ಕೆ ದಾರಿ ಮಾಡಿಕೊಡುತ್ತವೆ. ಮೀನು-ಮೊಟ್ಟೆಯ ಪ್ರೋಟೀನ್ ಗಾಯ ಮಾಯಲು ಬೇಕೇ ಬೇಕು. ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ: ಐಸ್ ಇಲ್ಲದೆ ಬಿಸಿಲಲ್ಲಿ ಉಳಿದ ಬಂಗುಡೆಯಲ್ಲಿ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ತಿಂದರೆ ಮೈ ಕೆಂಪಾಗಿ ತುರಿಸುತ್ತದೆ. ನಂಜಿನ ನಂಬಿಕೆಗೆ ಇದೂ ಒಂದು ಕಾರಣ ಇರಬಹುದೆಂದು ನನ್ನ ಊಹೆ. ತಾಜಾ ಮೀನು ತನ್ನಿ, ಖಾರ-ಹುಳಿ ಕಡಿಮೆ ಮಾಡಿ ಬೇಯಿಸಿ, ಮುಳ್ಳು ತೆಗೆದು ನುಣ್ಣಗೆ ಮಸೆದು ಕೊಡಿ. ಆದರೆ ಬಾಯಿಂದ ಕೊಡಬಹುದು ಎಂದು ಸರ್ಜನ್ ಹೇಳಿದ ಮೇಲೆ ಮಾತ್ರ. ಗುಳ್ಳ ಈಗ ಇಲ್ಲದಿದ್ದರೆ ನಷ್ಟವಿಲ್ಲ, ಅತ್ತೆಯವರಿಗೆ ಅಷ್ಟು ಬಿಟ್ಟುಕೊಡಿ.

ಪ್ರಶ್ನೆ: ಆಪರೇಶನ್ ಹಿಂದಿನ ರಾತ್ರಿಯಿಂದ ನೀರೂ ಕುಡಿಯಬಾರದೇ?
– ಮಣಿಪಾಲ

ಉತ್ತರ: ಹೆಚ್ಚಿನವರಿಗೆ ಅಷ್ಟು ಬೇಡ. ಗಟ್ಟಿ ಆಹಾರ ಆರು ಗಂಟೆ ಮೊದಲು, ನೀರು ಅಥವಾ ಹಾಲಿಲ್ಲದ ಚಹಾ ಎರಡು ಗಂಟೆ ಮೊದಲು ನಿಲ್ಲಿಸಿದರೆ ಸಾಕು. ಜಠರದ ದಾರಿ ಕಟ್ಟಿಕೊಂಡವರಿಗೆ ಈ ರಿಯಾಯಿತಿ ಇಲ್ಲ. ನಿಮಗೆ ಎಷ್ಟು ಎಂದು ಅರಿವಳಿಕೆ ವೈದ್ಯರನ್ನೇ ಕೇಳಿ. ಪಟ್ಟಿಯಲ್ಲಿ ನಿಮ್ಮ ಸರದಿ ಮಧ್ಯಾಹ್ನಕ್ಕೆ ಜಾರಿದರೆ ಮತ್ತೊಮ್ಮೆ ಕೇಳಿ, ನಾಚಬೇಡಿ.

ಪ್ರಶ್ನೆ: ಅನ್ನನಾಳದ ಆಪರೇಶನ್ ಆಗಿ ಅಮ್ಮ ಮನೆಗೆ ಬಂದಿದ್ದಾರೆ, ಹೊಟ್ಟೆಯಲ್ಲಿ ಟ್ಯೂಬ್ ಇದೆ. ರಾಗಿ ಗಂಜಿ ರುಬ್ಬಿ ಹಾಕಬಹುದೇ? ಚೀಟಿಯಲ್ಲಿ ‘ಟ್ಯೂಬ್ ಫೀಡ್’ ಎಂದಷ್ಟೇ ಇದೆ.
– ಕಾರ್ಕಳ

ಉತ್ತರ: ಈ ಟ್ಯೂಬ್ ಸಾಮಾನ್ಯವಾಗಿ ಸಣ್ಣ ಕರುಳಿನಲ್ಲಿರುತ್ತದೆ, ಸಪುರ. ದಪ್ಪ ರಾಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಯಾವ ಪುಡಿ, ಎಷ್ಟು, ಗಂಟೆಗೆ ಎಷ್ಟು ಎಂಎಲ್ ಎಂದು ಡಯಟೀಷಿಯನ್ ಬರೆದುಕೊಡಬೇಕು. ತಲೆ-ಬೆನ್ನು ಎತ್ತರಿಸಿ ಮಲಗಿಸಿ, ನಿಧಾನ ಹನಿಹನಿಯಾಗಿ ಬಿಡಿ, ಒಮ್ಮೆಲೇ ಸುರಿದರೆ ಭೇದಿ. ಮೊದಲೂ ಕೊನೆಗೂ ಕುದಿಸಿ ಆರಿಸಿದ ನೀರಿನಿಂದ ಟ್ಯೂಬ್ ತೊಳೆಯಿರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಕಲಸಿ ಎರಡು ಗಂಟೆ ದಾಟಿದ್ದನ್ನು ಚೆಲ್ಲಿಬಿಡಿ. ಜ್ವರ, ಹೊಟ್ಟೆನೋವು ಬಂದರೆ, ಟ್ಯೂಬ್ ಜಾರಿದರೆ ಅದೇ ದಿನ ಆಸ್ಪತ್ರೆಗೆ.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದ ಇರುತ್ತದೆ, ಊಟಕ್ಕೆ ಎರಡು ಪದ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಏನು, ಎಷ್ಟು, ಎಷ್ಟು ಸಲ ಎಂದು ಬರೆಸಿಕೊಳ್ಳದೆ, ಸಂಶಯ ಬಂದರೆ ಫೋನ್ ಮಾಡುವ ನಂಬರು ಪಡೆಯದೆ ಆಸ್ಪತ್ರೆಯಿಂದ ಊರಿಗೆ ಹೊರಡಬೇಡಿ.