ಫುಟ್‌ಬಾಲ್ ಮೈದಾನದಲ್ಲಿ ಒಂದು ಬೆಳಿಗ್ಗೆ

ಅಂದು ಭಾನುವಾರ. ನಮ್ಮ ಕಲಿಕಾ ಕೇಂದ್ರದ ಒಂಬತ್ತು ಹೆಂಗಸರು ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತಿದೆವು. ಬೆಂಗಳೂರಿನ ಒಂದು ಕ್ಲಬ್ಬಿನ ಹುಡುಗಿಯರು ಫುಟ್‌ಬಾಲ್ ಅಭ್ಯಾಸ ಮಾಡುವುದನ್ನು ನೋಡಬೇಕಿತ್ತು. ದಾರಿಯಲ್ಲಿ ಹಲಸೂರಿನ ಹತ್ತಿರದ ಗೌತಮಪುರ ಸಿಕ್ಕಿತು. ಅಲ್ಲಿ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯೇ ಇದೆ! ಆ ಕೇರಿಯವರಿಗೆ ಈ ಆಟದ ಹುಚ್ಚು ಅಷ್ಟು.

ನಾವು ಹೋಗುವಾಗಲೇ ಹುಡುಗಿಯರು ಓಡುತ್ತಿದ್ದರು. ಅವರ ಬೆನ್ನಿನ ಮೇಲೆ ನಂಬರು. 7, 10, 11. ನಾವು ಜೋರಾಗಿಯೇ ಓದಿದೆವು.

ಕಲಿಸುವ ಮೇಡಂ ಚೆಂಡನ್ನು ನಮ್ಮ ಕೈಗೆ ಕೊಟ್ಟರು. ತೂಕ 410ರಿಂದ 450 ಗ್ರಾಂ. ಒಂದು ತಂಡಕ್ಕೆ 11 ಜನ. ಆಟ 90 ನಿಮಿಷ, ನಡುವೆ ಬಿಡುವು.

"ಇದು ಗಂಡುಮಕ್ಕಳ ಆಟ ಅಲ್ವಾ ಮೇಡಂ?" ಎಂದೆವು.

"ಇಂಗ್ಲೆಂಡಿನಲ್ಲೂ ಹಂಗೇ ಅಂದರು. 1921ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಘದವರು ಹೆಂಗಸರಿಗೆ ಮೈದಾನ ಕೊಡಬೇಡಿ ಅಂದರು. ಸುಮಾರು 50 ವರ್ಷ ಹಂಗೇ ನಡೀತು. ಈಗ ನೋಡಿ. 2025ರ ಜುಲೈನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಥಾಯ್ಲೆಂಡಿಗೇ ಹೋಗಿ ಆ ತಂಡವನ್ನು 2-1ರಿಂದ ಸೋಲಿಸಿದರು. ಏಷ್ಯಾ ಕಪ್ ಆಡಲು ಅರ್ಹರಾದರು. ಎರಡು ಗೋಲೂ ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದದ್ದು."

ನಮ್ಮಲ್ಲಿ ಹೂ ಮಾರುವ ಅಕ್ಕ ಒಬ್ಬರಿದ್ದಾರೆ. ಅವರ ಮಗಳಿಗೆ 12 ವರ್ಷ. ಅವಳಿಗೂ ಈ ಆಟ ಬೇಕಂತೆ. ಅಕ್ಕನಿಗೆ ಇಷ್ಟವಿಲ್ಲ. "ಚಡ್ಡಿ ಹಾಕ್ಕೊಂಡು ಓಡಿದ್ರೆ ಜನ ಏನಂತಾರೆ? ಕಾಲು ಮುರಿದ್ರೆ?"

ಗೋಲು ಕಾಯುವ ಹುಡುಗಿ ಬಂದು ಪಕ್ಕದಲ್ಲೇ ಕೂತಳು. "ನಮ್ಮಮ್ಮನೂ ಹಿಂಗೇ ಅಂದಿದ್ರು ಅಕ್ಕಾ. ಚಡ್ಡಿ ಒಳಗೆ ಅದೇ ಬಣ್ಣದ ಲೆಗ್ಗಿಂಗ್ಸ್ ಹಾಕ್ಕೋಬಹುದು. ಇಲ್ಲಿ ನೋಡಿ" ಎಂದು ಕಾಲುಚೀಲ ಇಳಿಸಿದಳು. ಒಳಗೆ, ಮೊಣಕಾಲಿನ ಕೆಳಗೆ, ಗಟ್ಟಿ ಹಲಗೆಯಂಥದ್ದು ಇತ್ತು. ಅಕ್ಕ ಅದನ್ನು ಬೆರಳಲ್ಲಿ ತಟ್ಟಿ ನೋಡಿದರು.

ಆಮೇಲೆ ಮೇಡಂ ಒಪ್ಪಿಗೆ ಪತ್ರ ಕೊಟ್ಟು, "ಇಲ್ಲಿ ಸೈನ್ ಮಾಡಿ" ಎಂದರು. ಅಕ್ಕ ಮಾಡಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನಾವು ಸುಮ್ಮನೆ ನಿಂತೆವು. ಬಿಸಿಲು ಏರುತ್ತಿತ್ತು.

"'ಪೆಟ್ಟಾದರೆ ಕ್ಲಬ್ಬು ಹೊಣೆಯಲ್ಲ.' ಇದೇನು ಮೇಡಂ? ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ?"

ಮೇಡಂ ತಡವರಿಸಿದರು. "ಕ್ಲಬ್ಬಿನಿಂದಲೇ ಕೊಡ್ತೀವಿ ಅಕ್ಕಾ. ಪತ್ರ ಮಾತ್ರ ಮೊದಲಿಂದ ಹಿಂಗೇ ಇದೆ. ಯಾರೂ ಕೇಳಿರಲಿಲ್ಲ."

"ಹಂಗಾದ್ರೆ ಅದನ್ನೂ ಬರೆದು ಕೊಡಿ. ಮುಂದಿನ ಭಾನುವಾರ ಮಗಳನ್ನ ಕರ್ಕೊಂಡು ಬರ್ತೀನಿ. ಓದಿ ಸೈನ್ ಹಾಕ್ತೀನಿ."

ಅಕ್ಕ ಪತ್ರವನ್ನು ಮಡಚಿ ಚೀಲದಲ್ಲಿಟ್ಟರು. ಬಸ್ಸಿನಲ್ಲಿ ಅದನ್ನು ಮತ್ತೆ ತೆಗೆದು, ನಮಗೆಲ್ಲ ಓದಿ ಹೇಳಿದರು.