ನಾಟ್ಯಮಂಡಪವೂ ವಾಹನ ನಿಲುಗಡೆಯೂ: ಧಾರವಾಡದ ಸಣ್ಣ ಕಲಾಸ್ಥಾನಗಳನ್ನು ಕುರಿತು

ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟ್ಯಮಂಡಪದ ಲಕ್ಷಣವನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಆಕಾರದಲ್ಲಿ ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಮೂರು ಬಗೆ. ಪ್ರಮಾಣದಲ್ಲಿ ಜ್ಯೇಷ್ಠ, ಮಧ್ಯಮ, ಅವರವೆಂದು ಮೂರು ಬಗೆ. ಮನುಷ್ಯರಿಗೆ ತಕ್ಕುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಂಡಪವೆಂದೂ, ಅದಕ್ಕಿಂತ ಹಿರಿದಾದರೆ ಮಾತು ಅಸ್ಪಷ್ಟವಾಗಿ ಮುಖದ ಭಾವವು ಕಾಣದೆ ಹೋಗುವುದೆಂದೂ ಆತನ ಮತ. ಹಸ್ತಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಇದು 96 ಅಡಿ, 48 ಅಡಿಗಳ ಕಟ್ಟಡ. ಅದರಲ್ಲಿ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಸಂದು ಉಳಿದರ್ಧವೇ ಪ್ರೇಕ್ಷಕರದು. ನೆಲದ ಪರೀಕ್ಷೆಯಿಂದ ಸ್ತಂಭಸ್ಥಾಪನೆಯವರೆಗೆ ಎಲ್ಲವನ್ನೂ ಹೇಳಿದ ಶಾಸ್ತ್ರಕಾರನು, ಪ್ರೇಕ್ಷಕರ ರಥಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಆ ಅಧ್ಯಾಯದಲ್ಲಿ ಹೇಳಿಲ್ಲ. ಇಂದು ರಂಗಮಂದಿರವೊಂದನ್ನು ಕಟ್ಟಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಧಾರವಾಡದ ಕಲಾಜೀವನವು ದೊಡ್ಡ ಭವನಗಳಲ್ಲಿ ಹುಟ್ಟಿದುದಲ್ಲ. ಇಲ್ಲಿಯ ಹಿಂದುಸ್ತಾನಿ ಸಂಗೀತವು ಮನೆಯ ಪಡಸಾಲೆಗಳಲ್ಲಿ, ಜಮಖಾನೆಯ ಮೇಲೆ, ಐವತ್ತು ಅರವತ್ತು ಜನ ರಸಿಕರ ಎದುರಿನಲ್ಲಿ ಬೆಳೆಯಿತು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವು ಸುಭಾಸ ರಸ್ತೆಯ ಪೇಟೆಯ ಗದ್ದಲದ ನಡುವೆ, ಮೆಟ್ಟಿಲೇರಿ ಹೋಗಬೇಕಾದ ಒಂದು ಮಾಳಿಗೆ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರ ಹರಟೆ, ವಾದ, ವಾಚನಗಳು ಅಲ್ಲಿ ನಡೆದವು. ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಈ ಗ್ರಂಥಮಾಲೆಯಿಂದಲೇ 1961ರಲ್ಲಿ ಪ್ರಕಟವಾಯಿತು. ಅಟ್ಟಕ್ಕೆ ಬರುವವರ ವಾಹನಗಳೆಷ್ಟು ಎಂದು ಆಗ ಯಾರಾದರೂ ಕೇಳಿದ್ದರೆ ಸೈಕಲ್ಲುಗಳನ್ನು ಎಣಿಸಿ ಹೇಳಬೇಕಾಗುತ್ತಿತ್ತು!

ಅದೇ 1961ರಲ್ಲಿ ಅಂದಿನ ಮೈಸೂರು ರಾಜ್ಯದ ಶಾಸನಸಭೆಯು ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವನ್ನು ರಚಿಸಿತು. ಅದು 1965ರಲ್ಲಿ ಜಾರಿಗೆ ಬಂದಿತು. ಈ ನಡುವೆ 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾಗಿದ್ದವು. ಅಧಿನಿಯಮದ ಪ್ರಕಾರ ನಗರಕ್ಕೊಂದು ಮಹಾಯೋಜನೆಯಿರಬೇಕು. ನೆಲವನ್ನೆಲ್ಲ ವಾಸ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಮೊದಲಾದ ವಲಯಗಳಾಗಿ ವಿಂಗಡಿಸಬೇಕು. ಒಂದು ವಲಯದ ನೆಲವನ್ನು ಮತ್ತೊಂದು ಉದ್ದೇಶಕ್ಕೆ ಬಳಸಬೇಕಾದರೆ 14-ಎ ಪ್ರಕರಣದ ಮೇರೆಗೆ ಭೂಬಳಕೆಯ ಬದಲಾವಣೆಗೆ ಅನುಮತಿ ಪಡೆಯಬೇಕು. ಮನೆಗಳ ಮಗ್ಗುಲಲ್ಲಿ ಕಾರ್ಖಾನೆಯೇಳದಂತೆ ತಡೆಯುವ ಈ ವ್ಯವಸ್ಥೆಯನ್ನು ನಿಂದಿಸಲು ಕಾರಣವಿಲ್ಲ.

ತೊಡಕಿರುವುದು ಹೆಸರಿನಲ್ಲಿ. ವಲಯ ನಿಯಮಾವಳಿಗಳಲ್ಲಿ ಸಾಮಾನ್ಯವಾಗಿ ಚಿತ್ರಮಂದಿರ, ಸಭಾಭವನ, ಕಲ್ಯಾಣಮಂಟಪ, ಸಮುದಾಯ ಭವನ ಎಂಬ ಹೆಸರುಗಳಿರುತ್ತವೆ. ಎಂಬತ್ತು ಜನರು ಕುಳಿತು ನಾಟಕ ನೋಡುವ ಕೋಣೆಗೆ ಅಲ್ಲಿ ಪ್ರತ್ಯೇಕ ನಾಮವಿಲ್ಲ. ನಿಘಂಟಿನಲ್ಲಿಲ್ಲದ ಶಬ್ದವನ್ನು ಅಪಶಬ್ದವೆಂದು ಬಗೆವ ವೈಯಾಕರಣನಂತೆ, ಪಟ್ಟಿಯಲ್ಲಿಲ್ಲದ ಬಳಕೆಯನ್ನು ಅಧಿಕಾರಿಯು ಹತ್ತಿರದ ದೊಡ್ಡ ವರ್ಗಕ್ಕೆ ಸೇರಿಸುತ್ತಾನೆ. ಆಗ ಎಂಬತ್ತು ಜನರ ರಂಗಕ್ಕೂ ಸಾವಿರ ಜನರ ಮದುವೆಯ ಮಂಟಪಕ್ಕೂ ಒಂದೇ ಅಳತೆಗೋಲು ಬೀಳುತ್ತದೆ.

ಆ ಅಳತೆಗೋಲಿನಲ್ಲಿ ಅತ್ಯಂತ ಭಾರವಾದುದು ವಾಹನ ನಿಲುಗಡೆಯದು. ಇಷ್ಟು ಆಸನಗಳಿಗೆ, ಇಲ್ಲವೆ ಇಷ್ಟು ಚದರ ಮೀಟರಿಗೆ, ಒಂದು ಕಾರಿನ ಸ್ಥಳವೆಂಬ ಲೆಕ್ಕವು ನಗರದಿಂದ ನಗರಕ್ಕೆ ಬೇರೆ. ಆದರೆ ಕಾರಿನ ಗಾತ್ರವು ಎಲ್ಲೆಡೆಯೂ ಒಂದೇ. ಕೇಂದ್ರ ಸರಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳು ಓಡಾಟದ ಜಾಗ ಸೇರಿಸಿ, ಬಯಲಿನಲ್ಲಿ ಕಾರೊಂದಕ್ಕೆ 23 ಚದರ ಮೀಟರು, ನೆಲಮಾಳಿಗೆಯಲ್ಲಿ 32 ಚದರ ಮೀಟರು ಎಂದು ಎಣಿಸುತ್ತವೆ. 23 ಚದರ ಮೀಟರೆಂದರೆ ಸುಮಾರು 247 ಚದರ ಅಡಿ. ಜಮಖಾನೆಯ ಮೇಲೆ ಕುಳಿತ ಶ್ರೋತೃವಿಗೆ ಎಂಟು ಚದರ ಅಡಿಯನ್ನು ಧಾರಾಳವಾಗಿ ಬಿಟ್ಟರೂ, ಒಂದು ಕಾರು ಮೂವತ್ತು ರಸಿಕರ ಆಸನವನ್ನು ಆಕ್ರಮಿಸಿಕೊಳ್ಳುತ್ತದೆ. ಮೂವತ್ತು ನಾಲ್ವತ್ತು ಅಡಿಗಳ ಸಾಮಾನ್ಯ ನಿವೇಶನವು 111 ಚದರ ಮೀಟರು. ಅದರಲ್ಲಿ ಐದು ಕಾರುಗಳು ನಿಂತರೆ ಗಾಯಕನಿಗೂ ತಂಬೂರಿಗೂ ಎಡೆಯಿಲ್ಲ. ಪಕ್ಕದ ನಿವೇಶನವನ್ನೂ ಕೊಳ್ಳಲು ಕಲ್ಯಾಣಮಂಟಪದ ಒಡೆಯನಿಗೆ ಸಾಧ್ಯ. ಅದರ ವೆಚ್ಚವನ್ನು ಆತನು ಒಂದೆರಡು ಲಗ್ನದ ಋತುಗಳ ಬಾಡಿಗೆಯ ಮೇಲೆ ಹಂಚುತ್ತಾನೆ. ಐವತ್ತು ರೂಪಾಯಿಯ ಚೀಟಿ ಮಾರುವ ಹವ್ಯಾಸಿ ತಂಡವು ಅದನ್ನು ಯಾರ ಮೇಲೆ ಹಂಚಬೇಕು?

ವಿದ್ಯಾವರ್ಧಕ ಸಂಘವು 1890ರಿಂದ ಬೇರೂರಿದ ಸಂಸ್ಥೆ. ಸೃಜನಾ ರಂಗಮಂದಿರಕ್ಕೆ ಕರ್ನಾಟಕ ಕಾಲೇಜಿನ ವಿಶಾಲ ಆವರಣದ ಆಸರೆಯಿದೆ. ಇಂಥವುಗಳಿಗೆ ಈ ನಿಯಮಗಳು ಅಷ್ಟಾಗಿ ತಟ್ಟವು. ತಟ್ಟುವುದು ಬಾಡಿಗೆಯ ಮಾಳಿಗೆಯನ್ನು ನೆಚ್ಚಿದವರಿಗೆ, ಹಳೆಯ ಮನೆಯನ್ನು ತಾಲೀಮಿನ ಸ್ಥಳವಾಗಿಸಿಕೊಂಡವರಿಗೆ.

ಹಾಗೆಂದು ನಿಯಮವೇ ಬೇಡವೆನ್ನಲಾಗದು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ ಚಿತ್ರಮಂದಿರದಲ್ಲಿ ವಿದ್ಯುತ್ ಪರಿವರ್ತಕದ ಬೆಂಕಿಯು ನೆಲಮಟ್ಟದಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಹಬ್ಬಿ, ಹೊಗೆಯು ಮೇಲೇರಿ 59 ಜನ ಅಸುನೀಗಿದರು. ಬಾಗಿಲು, ಮೆಟ್ಟಿಲು, ಅಗ್ನಿರಕ್ಷಣೆಗಳ ವಿಷಯದಲ್ಲಿ ಎಷ್ಟು ಸಣ್ಣ ರಂಗಕ್ಕೂ ರಿಯಾಯಿತಿ ಸಲ್ಲದು. ನೆರೆಯವರ ನಿದ್ರೆಯೂ ಗಣ್ಯವೇ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸವಲಯಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ಲುಗಳ ಮಿತಿಯನ್ನು ವಿಧಿಸಿವೆ. ಪ್ರಾಣವನ್ನು ಕಾಯುವ ನಿಯಮ ಬೇರೆ, ಕಾರನ್ನು ಕಾಯುವ ನಿಯಮ ಬೇರೆ. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದುದರಿಂದ, ಎರಡನೆಯದನ್ನು ಪಾಲಿಸಲಾರದವನು ಅನುಮತಿಯ ಗೊಡವೆಗೇ ಹೋಗದೆ ಮೊದಲನೆಯದರಿಂದಲೂ ದೂರ ಉಳಿಯುತ್ತಾನೆ. ಇದು ನಿಜವಾದ ಅಪಾಯ.

ಅನ್ಯತ್ರ ನಡೆದುದನ್ನು ನೋಡಬಹುದು. ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ ಶಂಕರನಾಗರ ಸ್ಮರಣೆಗೆ 2004ರಲ್ಲಿ ತೆರೆದ ರಂಗಶಂಕರವು ಸರಕಾರವು ನೀಡಿದ ನಿವೇಶನದ ಮೇಲೆ, ಮನೆಗಳ ನಡುವೆಯೇ ನಿಂತಿದೆ. ಅಮೆರಿಕದ ಬಫೆಲೊ ನಗರವು ಕಟ್ಟಡಗಳಿಗೆ ಕನಿಷ್ಠ ನಿಲುಗಡೆಯ ಕಡ್ಡಾಯವನ್ನು 2017ರಲ್ಲಿ ಕೈಬಿಟ್ಟಿತು. ಇಂಗ್ಲೆಂಡಿನ ಯೋಜನಾ ನೀತಿಯು 2018ರಲ್ಲಿ ಇನ್ನೊಂದು ನ್ಯಾಯವನ್ನು ಅಂಗೀಕರಿಸಿತು: ಮೊದಲೇ ಇದ್ದ ಸಂಗೀತಶಾಲೆಯ ಪಕ್ಕಕ್ಕೆ ಹೊಸ ಮನೆಗಳನ್ನು ಕಟ್ಟುವವನೇ ಸದ್ದು ತಡೆವ ಹೊಣೆಯನ್ನು ಹೊರಬೇಕು, ಹಳಬನು ಬಾಗಿಲು ಮುಚ್ಚಬೇಕಾಗಿಲ್ಲ.

ಧಾರವಾಡಕ್ಕೆ ಮೂರು ಸಂಗತಿಗಳು ಅನುಕೂಲವಾಗಿವೆ. ನೂರು ನೂರೈವತ್ತು ಆಸನಗಳೊಳಗಿನ ಕಲಾಸ್ಥಾನವನ್ನು ನಿಯಮಾವಳಿಯಲ್ಲಿ ಒಂದು ಸ್ವತಂತ್ರ ಬಳಕೆಯೆಂದು ಹೆಸರಿಸುವುದಕ್ಕೆ ಹಣ ಬೇಕಿಲ್ಲ, ತಿದ್ದುಪಡಿ ಸಾಕು. ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಿಂದ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿರುವ ರಂಗಕ್ಕೆ ಕಾರಿನ ಲೆಕ್ಕವನ್ನು ಇಳಿಸುವುದು ನ್ಯಾಯ. ಪ್ರದರ್ಶನವು ಮುಗಿಯುವ ಹೊತ್ತಿಗೂ ಬಸ್ಸಿರಬೇಕೆಂಬುದು ಅದಕ್ಕೆ ಷರತ್ತು. ಮೂರನೆಯದು ಈ ಸಂಪುಟವನ್ನು ಓದುವವರಿಗೆ ಹತ್ತಿರದ್ದು. ಊರಿನ ವಿದ್ಯಾಸಂಸ್ಥೆಗಳ ಆವರಣಗಳು ಹಗಲು ತುಂಬಿ ಸಂಜೆ ಬರಿದಾಗುತ್ತವೆ. ನಾಟಕದ ಗಂಟೆ ಬಾರಿಸುವುದು ಸಂಜೆಯೇ. ವಾರಕ್ಕೆ ಎರಡು ಸಂಜೆ ಇಂಥ ಆವರಣದಲ್ಲಿ ನೆರೆಯ ರಂಗದ ಪ್ರೇಕ್ಷಕರ ವಾಹನಗಳು ನಿಲ್ಲಬಹುದೆಂದು ಆಡಳಿತ ಮಂಡಳಿಯು ಬರೆದುಕೊಟ್ಟು, ಆ ಪತ್ರವನ್ನು ನಗರಾಭಿವೃದ್ಧಿ ಪ್ರಾಧಿಕಾರವು ನಿಲುಗಡೆಯ ಪುರಾವೆಯೆಂದು ಮನ್ನಿಸಿದರೆ, ತಂಡವು ಹೊಸ ನೆಲವನ್ನು ಕೊಳ್ಳಬೇಕಾಗಿಲ್ಲ. ಕಾವಲುಗಾರನ ಸಂಬಳ, ದೀಪದ ಖರ್ಚು, ಗೇಟು ಮುಚ್ಚುವ ವೇಳೆ ಇವಿಷ್ಟನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಪರೀಕ್ಷೆಯ ದಿನಗಳನ್ನು ಬಿಟ್ಟುಕೊಡಬೇಕು.